ಸಾವಿರದ ಹದಿಮೂರು

"ಇವತ್ತು ಒಂದೇ ಒಂದ್ಸಲ ನನಗೆ ತಪ್ಪು ಒತ್ತಡ ಹೇಳಿ, ಸಾರ್."

ಹೆಡ್‌ಫೋನಿನಲ್ಲಿ ಬಂದ ಈ ಮಾತು ಕೇಳಿ ಟವರ್ ಮಾವನಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂತು. ಕಂಪ್ಯೂಟರ್ ಪರದೆಯ ಮೇಲೆ 'ಎಪ್ಪತ್ತನಾಲ್ಕು' ಎಂಬ ಹೆಸರು ಹೊತ್ತ ಹಸಿರು ಚುಕ್ಕೆಯೊಂದು ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವೆಯ ಹಾಗೆ ಸರಿಯುತ್ತಿತ್ತು. ಆಕಾಶದಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ದಂತವೈದ್ಯೆಯೊಬ್ಬರು ತಮ್ಮ ಪುಟ್ಟ ವಿಮಾನವನ್ನು ಎರಡು ಸಲ ಕುಪ್ಪಳಿಸಿ ಇಳಿಸಿ, "ಇದಕ್ಕಿಂತ ಹಲ್ಲು ಕೀಳೋದೇ ವಾಸಿ ಮಾವ," ಎಂದು ನಕ್ಕು ಹೊರಟುಹೋಗಿದ್ದರು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಇವತ್ತಿರೋದು ಸಾವಿರದ ಮೂರು ಅಲ್ವಾ? ನೀವು ಅದನ್ನ ಹೇಳ್ಬೇಡಿ. ಸಾವಿರದ ಹದಿಮೂರು ಅಂತ ಹೇಳಿ. ಬೇರೆ ಕಂಟ್ರೋಲರುಗಳನ್ನೂ ಕೇಳ್ದೆ ಸಾರ್. ಎಲ್ಲ ಚಿಕ್ಕ ವಯಸ್ಸಿನೋರು, ನಿಯಮ ಅಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ರು. ನೀವಾದ್ರೆ ಅರ್ಥ ಮಾಡ್ಕೋತೀರಿ ಅಂತ ಕೇಳ್ತಿದೀನಿ."

ಇದು ಆಟ. ಆಡುವವರ ಮುಂದೆ ಹಾಗೆಂದರೆ ಜಗಳಕ್ಕೇ ಬರುತ್ತಾರೆ, ಆದರೂ ಆಟವೇ. ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು ಕೆಲವರು ವಿಮಾನ ಹಾರಿಸುತ್ತಾರೆ, ಕೆಲವರು ಕಂಟ್ರೋಲರುಗಳಾಗಿ ಅವರಿಗೆ ದಾರಿ ಹೇಳುತ್ತಾರೆ. ನಿಜವಾದ ನಿಲ್ದಾಣಗಳು, ನಿಜವಾದ ಭಾಷೆ, ನಿಜವಾದ ನಿಯಮಗಳು. ಹವಾಮಾನವೂ ಆಯಾ ಊರಿನಲ್ಲಿ ಆ ಹೊತ್ತಿಗೆ ಇರುವುದೇ. ಟವರ್ ಮಾವ ನಿಜಕ್ಕೂ ಮೂವತ್ತನಾಲ್ಕು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತರಾದವರಾದ್ದರಿಂದ ಆ ಗುಂಪಿನಲ್ಲಿ ಅವರದೇ ದರ್ಬಾರು. ಆ ಅಡ್ಡಹೆಸರೂ ಅಲ್ಲಿನವರೇ ಕೊಟ್ಟಿದ್ದು. ಪ್ರತಿ ಭಾನುವಾರ ಎರಡರಿಂದ ಆರರವರೆಗೆ ಅವರು ತಾವು ಹಿಂದೆ ಕೆಲಸ ಮಾಡಿದ್ದ ಸಣ್ಣ ನಿಲ್ದಾಣದ ಟವರ್ ನೋಡಿಕೊಳ್ಳುತ್ತಿದ್ದರು. ಅಲ್ಲೇ ಕೆಲಸ ಮಾಡಿದ್ದನ್ನು ಮಾತ್ರ ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆ ನಿಲ್ದಾಣ ಮುಚ್ಚಿ ಹನ್ನೆರಡು ವರ್ಷವಾಗಿತ್ತು, ರನ್‌ವೇ ಇದ್ದ ಕಡೆ ಈಗ ಮನೆಗಳೆದ್ದಿದ್ದವು. ಆಟದಲ್ಲಿ ಮಾತ್ರ ಅದು ಇನ್ನೂ ಇತ್ತು. "ಇಲ್ಲದ ವಿಮಾನಕ್ಕೆ ಇಲ್ಲದ ನಿಲ್ದಾಣದ ದಾರಿ ಹೇಳೋಕೆ ಹೊರಟ್ರಾ?" ಎಂದು ಹೆಂಡತಿ ವಾರ ವಾರವೂ ಕಾಲೆಳೆಯುತ್ತಿದ್ದರು.

ಆ ಗುಂಪಿನಲ್ಲಿ ಮಾವನಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ, ಅದರಲ್ಲೂ ಒತ್ತಡದ ವಿಷಯದಲ್ಲಿ. ಅಲ್ಟಿಮೀಟರ್ ಎತ್ತರ ತೋರಿಸುತ್ತದೆ ಎನ್ನುವುದು ಬಾಯಿಮಾತು. ಅದು ಅಳೆಯುವುದು ಗಾಳಿಯ ಒತ್ತಡವನ್ನು, ಎತ್ತರವೆಂಬುದು ಅದರ ಲೆಕ್ಕಾಚಾರ. ಒತ್ತಡವೋ ಊರಿಂದ ಊರಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಅದಕ್ಕೇ ಒಂದು ಪದ್ಧತಿ. ನಿಗದಿಯಾದ ಎತ್ತರವೊಂದುಂಟು, ಆ ನಿಲ್ದಾಣದಲ್ಲಿ ನಾಲ್ಕು ಸಾವಿರ ಅಡಿ. ಅದರ ಮೇಲೆ ಹಾರುವಾಗ ಎಲ್ಲರೂ, ಯಾವ ಊರಾದರೂ, ತಮ್ಮ ಅಲ್ಟಿಮೀಟರನ್ನು ಸಾವಿರದ ಹದಿಮೂರು ಮಿಲಿಬಾರಿಗೇ ಇಟ್ಟುಕೊಳ್ಳಬೇಕು. ಇಳಿಯುತ್ತಾ ಅದನ್ನು ದಾಟಿದ ಕೂಡಲೇ ಕಂಟ್ರೋಲರ್ ಹೇಳಿದ ಆ ಊರಿನ ಒತ್ತಡಕ್ಕೆ ಅದರ ತಿರುಪು ತಿರುಗಿಸಬೇಕು. ಕಂಟ್ರೋಲರ್ ಹೇಳಿದ ಅಂಕಿಯನ್ನು ಪೈಲಟ್ ಮತ್ತೆ ಹೇಳಬೇಕು, ಕಂಟ್ರೋಲರ್ ಅದನ್ನು ಕೇಳಿ "ಸರಿ" ಎನ್ನಬೇಕು. ಹತ್ತು ಅಂಕಿ ಹೆಚ್ಚುಕಡಿಮೆಯಾದರೆ ಎತ್ತರದಲ್ಲಿ ಇನ್ನೂರ ಎಂಬತ್ತು ಅಡಿ ಎಡವಟ್ಟು. ಮಾವ ಒತ್ತಡವನ್ನು ಎರಡೆರಡು ಸಲ ಹೇಳುತ್ತಿದ್ದರು, ಎರಡೆರಡು ಸಲ ಹೇಳಿಸುತ್ತಿದ್ದರು. ಎಂಥ ಶಿಸ್ತು ಎಂದು ಎಲ್ಲರೂ ಬೆರಗಾಗುತ್ತಿದ್ದರು.

"ಯಾಕೆ ಅಂತ ಮೊದಲು ಹೇಳಿ. ತಮಾಷೆಗಾದ್ರೆ ನನ್ನತ್ರ ನಡೆಯಲ್ಲ," ಎಂದರು ಮಾವ ಗದರುವ ದನಿಯಲ್ಲಿ.

"ತಮಾಷೆ ಅಲ್ಲ ಸಾರ್. ಇಪ್ಪತ್ತಾರು ವರ್ಷದ ಹಿಂದೆ ನಾನು ನಿಜವಾಗ್ಲೂ ಈ ರನ್‌ವೇಗೆ ಬರ್ತಿದ್ದೆ. ಟಪಾಲು ವಿಮಾನ. ಮುಂದೆ ನಾನೊಬ್ಬ, ಹಿಂದೆ ಮೂಟೆ ಎತ್ತೋನೊಬ್ಬ."

ಮಾವ ಮೇಜಿನ ಅಂಚು ಹಿಡಿದುಕೊಂಡರು. ಟಪಾಲು ವಿಮಾನ ಎನ್ನುವುದೊಂದೇ ಮಾತು ಸಾಕಾಯಿತು.

"ಕೇಳಿಸ್ತಾ ಇದೆಯಾ ಸಾರ್?"

"ಹೂಂ. ಹೇಳಿ."

"ಮಧ್ಯಾಹ್ನ ಜೋರು ಗಾಳಿ ಬಂದಿತ್ತು. ಮೋಡ ಗುಡ್ಡದ ತಲೆಗೇ ಮುತ್ತಿಕೊಂಡಿತ್ತು, ಏನೂ ಕಾಣ್ತಿರ್ಲಿಲ್ಲ. ನಾನು ಅಲ್ಟಿಮೀಟರ್ ನೋಡ್ಕೊಂಡೇ ಇಳೀತಿದ್ದೆ. ಗುಡ್ಡ ದಾಟೋವಾಗ ಸಾವಿರದ ಎಂಟುನೂರು ತೋರಿಸ್ತಿತ್ತು. ಅಂದ್ರೆ ಗುಡ್ಡದ ಮೇಲಿನ ಮರಗಳಿಗಿಂತ ಇನ್ನೂರೈವತ್ತು ಅಡಿ ಮೇಲಿರ್ಬೇಕು. ಆದ್ರೆ ಮರಕ್ಕೇ ಹೊಡೀತು ಸಾರ್. ರೆಕ್ಕೆ ಹೋಯ್ತು. ಹೊಲದಲ್ಲಿ ಬಿದ್ವಿ. ನನಗೆ ಪಕ್ಕೆಲುಬು ಮುರೀತು ಅಷ್ಟೇ. ಹಿಂದಿದ್ದವನ ಕಾಲು ಮೂಟೆಗಳ ಕೆಳಗೆ ಸಿಕ್ಕಿ... ಮೊಣಕಾಲ ಮೇಲಕ್ಕೇ ತೆಗೆದ್ರು."

ಮಾವ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು.

"ವಿಚಾರಣೆ ಆಯ್ತು. ನನ್ನ ಅಲ್ಟಿಮೀಟರ್ ಸಾವಿರದ ಹದಿಮೂರಕ್ಕೇ ಇತ್ತು. ಅವತ್ತಿನ ಒತ್ತಡ ಸಾವಿರದ ಮೂರು. ಇಳಿಯೋವಾಗ ತಿರುಪು ತಿರುಗಿಸೋದನ್ನ ಪೈಲಟ್ ಮರೆತಿದ್ದಾನೆ ಅಂತ ಬರೆದ್ರು. ನಾನು ಹೇಳ್ದೆ, ಟವರ್‌ನಿಂದ ಹೇಳಿದ್ದೇ ಸಾವಿರದ ಹದಿಮೂರು, ನನಗೆ ತಿರುಗಿಸೋ ಕೆಲಸಾನೇ ಇರ್ಲಿಲ್ಲ ಅಂತ. ಯಾರು ನಂಬ್ತಾರೆ? ಹೊಸದಾಗಿ ಕಲಿಯೋರು ಮಾಡೋ ತಪ್ಪು ಅದು. ಮುಚ್ಚಿಕೊಳ್ಳೋಕೆ ಹೇಳೋ ಸುಳ್ಳೂ ಅದೇ. ಲೈಸೆನ್ಸ್ ಹೋಯ್ತು. ಆಮೇಲೆ ಇಪ್ಪತ್ತು ವರ್ಷ ಸ್ಕೂಲ್ ವ್ಯಾನ್ ಓಡಿಸ್ದೆ."

"ಟವರ್‌ನಲ್ಲಿ ರೆಕಾರ್ಡ್..." ಎಂದು ಕೇಳಿದರು ಮಾವ. ಉತ್ತರ ಗೊತ್ತಿದ್ದೂ ಯಾಕೆ ಕೇಳಿದರೋ ಅವರಿಗೇ ತಿಳಿಯಲಿಲ್ಲ.

"ಮೆಷೀನ್ ರಿಪೇರಿಗೆ ಹೋಗಿತ್ತಂತೆ."

ಹೋಗಿ ಹನ್ನೊಂದು ದಿನವಾಗಿತ್ತು. ಆ ಹನ್ನೊಂದನ್ನು ಮಾವ ಇವತ್ತಿಗೂ ಮರೆತಿರಲಿಲ್ಲ. ಮರೆತದ್ದೊಂದೂ ಇರಲಿಲ್ಲ. ಅವತ್ತು ಬೆಳಗ್ಗೆ ಡ್ಯೂಟಿಗೆ ಬಂದಾಗ ಊರಿನ ಒತ್ತಡ ಸರಿಯಾಗಿ ಸಾವಿರದ ಹದಿಮೂರೇ ಇತ್ತು. ವರ್ಷದಲ್ಲಿ ನಾಲ್ಕಾರು ದಿನ ಹಾಗೆ ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಒಂದೇ ಆಗಿಬಿಡುತ್ತದೆ. ಅದನ್ನೇ ಬೋರ್ಡಿನ ಮೇಲೆ ಬರೆದಿದ್ದರು. ಮಧ್ಯಾಹ್ನ ಗಾಳಿ ಎದ್ದು ಒತ್ತಡ ಸರ್ರನೆ ಇಳಿಯಿತು. ಹವಾಮಾನದವರು ಹೊಸ ಚೀಟಿಯನ್ನು ಕಿಟಕಿಯ ಸಂದಿನಲ್ಲಿ ಇಟ್ಟು ಹೋದರು. ಆಗ ಮಾವ ಫೋನಿನಲ್ಲಿದ್ದರು. ಅಡುಗೆಮನೆ ಗೋಡೆಗೆ ಬಿಳಿ ಬಣ್ಣವೋ ಹಳದಿಯೋ ಎಂದು ಹೆಂಡತಿಯ ಜೊತೆ ವಾದ. ಫೋನು ಇಟ್ಟ ಕೂಡಲೇ ಟಪಾಲು ವಿಮಾನ ಕರೆಯಿತು. ಬೋರ್ಡಿನ ಮೇಲಿದ್ದದ್ದನ್ನು ಓದಿದರು. ಆ ಕಡೆಯವನು ತಿರುಗಿ ಹೇಳಿದ. ಇವರು "ಸರಿ" ಎಂದರು.

ವಿಮಾನದ ಸದ್ದು ನಿಂತು, ಕರೆದರೂ ಉತ್ತರ ಬಾರದೆ, ಅಗ್ನಿಶಾಮಕದವರಿಗೆ ಫೋನು ಮಾಡಿ ತಿರುಗಿದಾಗ ಕಿಟಕಿಯ ಚೀಟಿ ಕಣ್ಣಿಗೆ ಬಿತ್ತು. ಬೋರ್ಡು ಒರೆಸಿ ಸಾವಿರದ ಮೂರು ಎಂದು ಬರೆದರು. ವಿಚಾರಣೆಯಲ್ಲಿ ಮೂವರು ಅಧಿಕಾರಿಗಳ ಮುಂದೆ ನಿಂತು, ನಾನು ಹೇಳಿದ್ದು ಸಾವಿರದ ಮೂರು ಎಂದರು. ಒಂದೇ ವಾಕ್ಯ, ಅಷ್ಟರಲ್ಲಿ ಕೈ ತೊಳೆದುಕೊಂಡಾಗಿತ್ತು. ಎರಡೇ ನಿಮಿಷದಲ್ಲಿ ರಕ್ಷಣಾ ತಂಡ ಕಳಿಸಿದ್ದಕ್ಕೆ ಇಲಾಖೆಯಿಂದ ಅವರಿಗೆ ಮೆಚ್ಚುಗೆಯ ಪತ್ರ ಬೇರೆ ಬಂತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಆಮೇಲಿನ ಅಷ್ಟು ವರ್ಷವೂ ಮಾವ ಒತ್ತಡವನ್ನು ಎರಡೆರಡು ಸಲ ಹೇಳಿದ್ದು ಶಿಸ್ತಿನಿಂದಲ್ಲ, ದಿಗಿಲಿನಿಂದ.

"ಒತ್ತಡ ಸಾವಿರದ ಮೂರೇ ಇರೋ ಭಾನುವಾರಕ್ಕೆ ಎಂಟು ತಿಂಗಳಿಂದ ಕಾಯ್ತಿದೀನಿ ಸಾರ್. ಇವತ್ತು ಸಿಕ್ಕಿದೆ," ಎಂದ ಪೈಲಟ್. "ಈಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಅವರು ಹದಿಮೂರು ಅಂದಿದ್ದು ನಿಜವೋ, ನಾನೇ ಆಮೇಲೆ ಮನಸ್ಸಲ್ಲಿ ಕಟ್ಕೊಂಡಿದ್ದೋ. ನಮ್ಮನೆಯವಳು ಹೇಳ್ತಿದ್ಲು, 'ಹಾಲು ತರೋಕೆ ಹೋಗಿ ಪೇಪರ್ ತರೋ ಮನುಷ್ಯ ನೀವು. ಮರೆತೆ ಅಂತ ಒಪ್ಕೊಂಬಿಡಿ, ಎದೆ ಹಗುರ ಆಗತ್ತೆ.' ಹದಿನೈದು ವರ್ಷ ಆದ್ಮೇಲೆ ಒಪ್ಕೊಂಡೆ. ಆ ಕಾಲು ಹೋದವನ ಮನೆಗೆ ಹೋಗಿ, ತಪ್ಪು ನಂದೇ ಕ್ಷಮಿಸಪ್ಪ ಅಂತ ಕೈ ಮುಗ್ದೆ. ಅವನು ಮಾತಾಡ್ಲಿಲ್ಲ. ಬಾಗಿಲು ಹಾಕ್ಕೊಂಡ."

"ಎದೆ ಹಗುರ ಆಯ್ತಾ?"

"ಇಲ್ಲ ಸಾರ್. ಅದಕ್ಕೇ ಒಂದ್ಸಲ ಆ ಮಾತನ್ನ ಕಿವಿಯಿಂದ ಕೇಳ್ಬೇಕು. ಕೇಳಿದ್ರೆ ಗೊತ್ತಾಗತ್ತೆ, ಹಿಂದೆ ಕೇಳಿದ್ದೋ ಅಲ್ವೋ ಅಂತ."

ಎದ್ದು ಕಂಪ್ಯೂಟರಿನ ಸ್ವಿಚ್ ಆರಿಸಿಬಿಟ್ಟರೆ ಮುಗಿಯಿತು, ಕರೆಂಟ್ ಹೋಯಿತು ಎಂದರೆ ಯಾರೂ ಕೇಳುವವರಿಲ್ಲ. ಮಾವನಿಗೆ ಈ ಯೋಚನೆಯೂ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಹಜಾರದಲ್ಲಿ ಹೆಂಡತಿ ಬಟಾಣಿ ಸುಲಿಯುತ್ತಿದ್ದ ಸದ್ದು ಕೇಳುತ್ತಿತ್ತು. ಚುಕ್ಕೆ ಐದು ಸಾವಿರಕ್ಕೆ ಇಳಿದಿತ್ತು. ಬೆರಳು ತಾನಾಗಿ ಮಾತಿನ ಗುಂಡಿ ಒತ್ತಿತು.

"ಎಪ್ಪತ್ತನಾಲ್ಕು, ಎರಡು ಸಾವಿರದ ಐನೂರು ಅಡಿಗೆ ಇಳಿಯಿರಿ. ಒತ್ತಡ, ಒಂದು ಸೊನ್ನೆ ಒಂದು ಮೂರು."

ಹುಡುಕದೆಯೇ ಬಂದ ಮಾತು. ಎರಡು ಸಲ ಹೇಳುವ ಅಭ್ಯಾಸ ಕೂಡ ಅದನ್ನು ತಡೆಯಲಿಲ್ಲ.

"ಎರಡು ಸಾವಿರದ ಐನೂರಕ್ಕೆ ಇಳಿಯುತ್ತಿದ್ದೇನೆ. ಒತ್ತಡ, ಒಂದು ಸೊನ್ನೆ ಒಂದು ಮೂರು," ಎಂದು ಪೈಲಟ್ ಪದ್ಧತಿಯಂತೆ ತಿರುಗಿ ಹೇಳಿದ. ಮಾವ "ಸರಿ" ಎನ್ನಬೇಕಿತ್ತು. ಎನ್ನಲಿಲ್ಲ. ನಾಲ್ಕು ಸಾವಿರ ದಾಟಿದಾಗ ಪೈಲಟ್ ತನ್ನಷ್ಟಕ್ಕೆ ಹೇಳಿಕೊಂಡಂತೆ ಮೆಲ್ಲಗೆ ಅಂದ: "ನೋಡಿ ಸಾರ್, ತಿರುಪಿಗೆ ಕೈ ಹಾಕ್ದೆ. ಅದಾಗ್ಲೇ ಹದಿಮೂರರಲ್ಲೇ ಇತ್ತು. ಒಂದು ಕೆಲಸ ಉಳೀತು ಅಂತ ಕೈ ವಾಪಸ್ ತಗೊಂಡೆ. ಅವತ್ತೂ ಹಿಂಗೇ ಅನ್ನಿಸಿತ್ತು."

ಆಗಿನ ಕಾಲದ ಆ ಸಣ್ಣ ಟವರಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ಪರದೆ ಇರಲಿಲ್ಲ. ಪೈಲಟ್ ಹೇಳಿದ್ದೇ ಎತ್ತರ. ಇವತ್ತು ಪರದೆ ಇತ್ತು. ಚುಕ್ಕೆಯ ಪಕ್ಕದಲ್ಲಿ ಅದರ ನಿಜವಾದ ಎತ್ತರ ಕಾಣುತ್ತಿತ್ತು. ಪೈಲಟ್ "ಎರಡು ಸಾವಿರದ ಐನೂರು" ಎಂದಾಗ ಪರದೆ ಎರಡು ಸಾವಿರದ ಇನ್ನೂರ ಇಪ್ಪತ್ತು ಎಂದಿತು. ಅಲ್ಲಿಂದ ರನ್‌ವೇ ಕಡೆಗೆ ಇಳಿಯುತ್ತಾ "ಎರಡು ಸಾವಿರ" ಎಂದಾಗ ಸಾವಿರದ ಏಳುನೂರ ಇಪ್ಪತ್ತು. ಎದುರಿಗೆ ಗುಡ್ಡವನ್ನು ಸೂಚಿಸುವ ಕಂದು ಗೆರೆ. ಮಾವ ಗರಬಡಿದವರಂತೆ ನೋಡುತ್ತಾ ಕೂತರು.

"ಸಾವಿರದ ಎಂಟುನೂರು. ಗುಡ್ಡ ದಾಟ್ತಿದೀನಿ."

"ಎಪ್ಪತ್ತನಾಲ್ಕು, ಮೇಲೇರಿ! ಮೇಲೇರಿ, ಮೇಲೇರಿ!"

ಮಾವ ಕುರ್ಚಿಯಿಂದ ಎದ್ದು ನಿಂತು ಕಿರುಚಿದ್ದರು. ಹಜಾರದಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ಹಸಿರು ಚುಕ್ಕೆ ಕಂದು ಗೆರೆಗೆ ತಗುಲಿ ಅಲ್ಲೇ ನಿಂತಿತು, ಎತ್ತರದ ಅಂಕಿ ಅಳಿಸಿಹೋಯಿತು. ಯಾರಿಗೂ ಏನೂ ಆಗಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಒಬ್ಬ ಮನುಷ್ಯ ಕುರ್ಚಿಯ ಮೇಲೆ ಸುರಕ್ಷಿತವಾಗಿ ಕೂತಿದ್ದ. ಅದು ಗೊತ್ತಿದ್ದೂ ಮಾವ ಕೂರಲಿಲ್ಲ.

"ಯಾಕ್ ಸಾರ್ ಕೂಗಿದ್ರಿ?" ಎಂದ ಪೈಲಟ್. "ಅದೇ ಜಾಗ. ಅದೇ ಮರಗಳು. ಆದ್ರೆ ಏನ್ ಪ್ರಯೋಜನ? ಈಗ ಹೊಳೀತಿದೆ ನೋಡಿ. ನಾನು ಮರೆತಿದ್ರೂ ತಿರುಪು ಹದಿಮೂರಲ್ಲೇ ಇರ್ತಿತ್ತು, ಅವರು ಹಾಗೇ ಹೇಳಿದ್ರೂ ಹದಿಮೂರಲ್ಲೇ ಇರ್ತಿತ್ತು. ಹೆಂಗಿದ್ರೂ ಇದೇ ಮರ. ಕಿವಿಯೂ ಅಷ್ಟೇ, ನನಗೆ ಬೇಕಾದ್ದನ್ನೇ ಕೇಳಿಸ್ಕೊಳ್ಳತ್ತೆ. ಸಾವಿರ ಸಲ ಹಾರಿಸಿದ್ರೂ ಇದು ಗೊತ್ತಾಗೋ ವಿಷಯ ಅಲ್ಲ. ಎಂಥ ಪೆದ್ದ ನಾನು. ನಿಮ್ಮ ಸಮಯ ಹಾಳು ಮಾಡ್ದೆ, ಕ್ಷಮಿಸಿ ಸಾರ್. ಇನ್ಮೇಲೆ ಬರಲ್ಲ."

ಅವನು ಕ್ಷಮೆ ಕೇಳಿದ್ದು ಮಾವನ ಎದೆಗೆ ನೇರವಾಗಿ ಇರಿಯಿತು. ನಿಜ ಗೊತ್ತಿರುವವರು ಜಗತ್ತಿನಲ್ಲಿ ಒಬ್ಬರೇ ಒಬ್ಬರು. ಅವರು ಈಗ ಸುಮ್ಮನಿದ್ದರೆ ಚುಕ್ಕೆ ಪರದೆಯಿಂದ ಹೋಗುತ್ತದೆ, ಮುಂದಿನ ಭಾನುವಾರ ದಂತವೈದ್ಯೆ ಬರುತ್ತಾರೆ, ಎಲ್ಲ ಎಂದಿನಂತೆ. ಹಿಂದೆಯೂ ಹೀಗೇ ಸುಮ್ಮನಿದ್ದದ್ದಕ್ಕೆ ಎಲ್ಲ ಎಂದಿನಂತೆ ನಡೆದಿತ್ತು.

"ಇರಿ, ಹೋಗ್ಬೇಡಿ," ಎಂದರು. "ನೀವು ಮರೆತಿರ್ಲಿಲ್ಲ."

"ಸಮಾಧಾನ ಹೇಳ್ಬೇಡಿ ಸಾರ್. ಅದನ್ನೆಲ್ಲ ಬೇಕಾದಷ್ಟು ಕೇಳಿದೀನಿ."

"ಸಮಾಧಾನ ಅಲ್ಲ. ಅವತ್ತು ಟವರ್‌ನಲ್ಲಿ ಕೂತಿದ್ದೋನು ನಾನು. ಹೊಸ ಚೀಟಿ ಬಂದಿತ್ತು, ನಾನು ನೋಡ್ಲಿಲ್ಲ. ಬೆಳಗಿಂದ ಬೋರ್ಡ್ ಮೇಲಿದ್ದ ಹದಿಮೂರನ್ನೇ ನಿಮಗೆ ಓದಿ ಹೇಳ್ದೆ. ನೀವು ತಿರುಗಿ ಹೇಳಿದ್ರಿ. ನಾನು ಸರಿ ಅಂದೆ. ವಿಮಾನ ಬಿದ್ದ ಮೇಲೆ ಬೋರ್ಡ್ ಅಳಿಸಿ ಬರೆದೆ. ವಿಚಾರಣೆಯಲ್ಲಿ ಸುಳ್ಳು ಹೇಳ್ದೆ."

ಹೇಳಿ ಮುಗಿಸಿ ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಕಿರುಚಿದ್ದು ಕೇಳಿ ಎದೆನೋವೇನೋ ಎಂದು ಓಡಿಬಂದವರು. "ಏನ್ರೀ ಇದು? ಏನ್ ಹೇಳ್ತಿದೀರಾ ನೀವು?" ಎಂದರು. ಮಾವ ಕೈಯೆತ್ತಿ ತಡೆದರು. ಆಕೆ ಗೋಡೆಗೆ ಒರಗಿದರು, ಒಳಗೆ ಬರಲಿಲ್ಲ.

ಹೆಡ್‌ಫೋನಿನಲ್ಲಿ ಪೈಲಟ್ ಕೇಳಿದ:

"ಹಲ್ಲು ಕಟ್ಟಿಸ್ಕೊಂಡಿದೀರಾ?"

"ಏನು?"

"ದನಿ ಅವತ್ತಿಗಿಂತ ಬೇರೆ ಥರ ಇದೆ. ಒಂದೂವರೆ ವರ್ಷದಿಂದ ವಾರ ವಾರ ಕೇಳಿದೀನಿ. ಗೊತ್ತೇ ಆಗ್ಲಿಲ್ಲ."

"ಹೂಂ. ಎಂಟು ವರ್ಷ ಆಯ್ತು ಕಟ್ಟಿಸಿ."

"ಓ," ಎಂದ ಪೈಲಟ್. ಬೈಯುತ್ತಾನೆ ಎಂದು ಮಾವ ಕಾದರು. ಬೈಗುಳವೇ ಬರಲಿ ಎಂದು ಆಸೆಪಟ್ಟರು ಎಂದರೂ ತಪ್ಪಿಲ್ಲ. ಆಮೇಲೆ ಅವನು ತಿರುಗಿ ಯಾರನ್ನೋ ಕೂಗಿದ್ದು ಕೇಳಿತು. "ಲೇ, ಬಾ ಇಲ್ಲಿ. ಅದೆಲ್ಲ ಆಮೇಲೆ, ಈಗ ಬಾ. ಕೂತ್ಕೋ. ಇಲ್ಲಿ ಕೂತ್ಕೋ." ಒಂದು ಹೆಣ್ಣು ದನಿ ಏನೋ ಗೊಣಗಿತು. "ಸಾರ್, ಸ್ಪೀಕರಿಗೆ ಹಾಕಿದೀನಿ. ಅವತ್ತು ಟವರ್‌ನಲ್ಲಿದ್ದೋರು ಇವರೇ ಕಣೆ. ಹೇಳಿ ಸಾರ್. ಅವತ್ತು ಹೇಳಿದ್ದನ್ನ ಹಾಗೇ ಹೇಳಿ. ಇವಳೂ ಕೇಳಿಸ್ಕೊಳ್ಲಿ."

ಮಾವ ಕೂತುಕೊಂಡರು. ಮೈಕ್ ಅನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡರು. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ಟಪಾಲು ವಿಮಾನ," ಎಂದರು. ಮತ್ತೆ ಮೊದಲಿಂದ ಶುರುಮಾಡಿದರು. "ಟಪಾಲು ವಿಮಾನ, ಎರಡು ಸಾವಿರದ ಐನೂರು ಅಡಿಗೆ ಇಳಿಯಿರಿ. ಒತ್ತಡ, ಒಂದು ಸೊನ್ನೆ ಒಂದು ಮೂರು."

"ಒತ್ತಡ, ಒಂದು ಸೊನ್ನೆ ಒಂದು ಮೂರು," ಎಂದ ಪೈಲಟ್. ವಯಸ್ಸಾದ ದನಿಯಲ್ಲ ಅದು. ಅವತ್ತಿನ, ಕೆಲಸ ಬಲ್ಲವನ, ಮೂವತ್ತು ದಾಟಿದ ಗಟ್ಟಿ ಆಳಿನ ದನಿ.

"ಸರಿ," ಎಂದರು ಮಾವ. "ನೀವು ಹೇಳಿದ್ದು ಸರಿ."

ಅಷ್ಟು ಹೇಳಿ ಗುಂಡಿ ಬಿಟ್ಟರು. ಆ ಕಡೆಯಲ್ಲಿ ಮಾತಿನ ಗುಂಡಿ ಒತ್ತಿದ್ದು ಕೇಳಿತು. ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ದೂರದಿಂದ ಆ ಹೆಣ್ಣು ದನಿ, "ಆ ಕಾಲಿಲ್ಲದವನ ಮನೆಗೆ ನಿಮ್ಮನ್ನ ಕಳಿಸಿದ್ದು ನಾನಲ್ವಾ? ನಾನೇ ತಾನೇ ಹೋಗಿ ಹೋಗಿ ಅಂದಿದ್ದು?" ಎಂದಿತು. ಆಕೆ ಅದನ್ನೇ ಇನ್ನೊಮ್ಮೆ ಕೇಳಿದಳು, ಈ ಸಲ ಹತ್ತಿರದಿಂದ. ಯಾರೋ ಅಳತೊಡಗಿದರು. ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ.

ಬೆರಳು ಗುಂಡಿಯ ಮೇಲಿರುವುದು ಪೈಲಟನಿಗೆ ಮರೆತೇಹೋಗಿತ್ತು. ಒಬ್ಬರು ಒತ್ತಿ ಹಿಡಿದಿರುವಷ್ಟು ಹೊತ್ತು ಆ ತರಂಗದಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಕೇಳಬೇಕು ಅಷ್ಟೇ. ಮಾವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹೆಡ್‌ಫೋನ್ ತೆಗೆಯಲಿಲ್ಲ. ಪರದೆಯ ಮೂಲೆಯಲ್ಲಿ, ಯಾರು ಮಾತಾಡುತ್ತಿದ್ದಾರೆಂದು ತೋರಿಸುವ ಸಣ್ಣ ಬೆಳಕು ಎಪ್ಪತ್ತನಾಲ್ಕರ ಎದುರು ಉರಿಯುತ್ತಲೇ ಇತ್ತು.